ಯಾರ ಮನೆ ಹೆಣ್ಣು

ಗಂಗೊಳ್ಳಿ ಬಂದರಿನಲ್ಲಿ ಹೊಸಬರು ಕಂಡರೆ ಹೆಸರಿಗಿಂತ ಮೊದಲು ಮನೆ ಕೇಳುತ್ತಾರೆ. ಬಂಗುಡೆ ಮೀನಿನ ಮೊಟ್ಟೆಗಳ ಮೇಲೆ ಸಂಶೋಧನೆಗೆ ಹೊರಟ ಮೊದಲ ದಿನ ನಾನು ಅಲ್ಲಿ ಖಾಲಿ ಬಾಟಲಿ ಹಿಡಿದು ಬೆಪ್ಪಾಗಿ ನಿಂತಿದ್ದೆ. ನನ್ನ ಗೈಡ್ ಮೇಡಂ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ನನ್ನ ಮೊಣಕೈ ಹಿಡಿದು ಮೀನು ಮಾರುವ ಹೆಂಗಸರ ನಡುವೆ ನಡೆಸಿದರು.

“ಇದ್ ಯಾರ್ ಮನಿ ಹೆಣ್ಣೆ?” ಒಬ್ಬಾಕೆ ಕೇಳಿದಳು.

“ನಮ್ಮನಿದೇ,” ಎಂದರು ಮೇಡಂ. ಆಮೇಲೆ ಯಾರೂ ನನಗೆ ಮೀನಿಲ್ಲ ಎನ್ನಲಿಲ್ಲ.

ಸಮ್ಮೇಳನಗಳಲ್ಲೂ ಹಾಗೆಯೇ. ದೊಡ್ಡ ವಿಜ್ಞಾನಿಗಳು ಕಂಡರೆ ಚಾ ಅರ್ಧಕ್ಕೇ ಬಿಟ್ಟು, ಮೊಣಕೈ ಹಿಡಿದು ನನ್ನನ್ನು ಅವರೆದುರು ನಿಲ್ಲಿಸುತ್ತಿದ್ದರು. ಒಮ್ಮೆ ಒಬ್ಬರು ನನ್ನ ಕೆಲಸದ ಬಗ್ಗೆ ಮೇಡಂ ಅವರನ್ನೇ ಕೇಳಿದರು. ಎಲ್ಲ ಗೊತ್ತಿದ್ದೂ ಅವರು ಬಾಯಿ ಬಿಡದೆ ನನ್ನನ್ನೇ ನೋಡಿದರು. ತಡವರಿಸುತ್ತ ನಾನೇ ಹೇಳಬೇಕಾಯಿತು. ಹೊರಗೆ ಬಂದವಳೇ ಸಿಡುಕಿದೆ: “ನೀವೇ ಹೇಳ್ಲಕ್ಕಿತ್ತಲ್ದಾ?”

“ನಾನ್ ಹೇಳ್ರೆ ಅವ್ರಿಗೆ ನನ್ ಹೆಸ್ರೇ ನೆನಪಿಪ್ಪುದ್,” ಎಂದು ನಕ್ಕರು.

ಮೇಡಂ ಈಗಿಲ್ಲ. ಮೊನ್ನೆ ನನ್ನ ಮೊದಲ ವಿದ್ಯಾರ್ಥಿನಿಯನ್ನು ಅದೇ ಬಂದರಿಗೆ ಕರೆದೊಯ್ದೆ. ಅಂದು ಕೇಳಿದ್ದ ಹೆಂಗಸೇ ಮತ್ತೆ ಅದನ್ನೇ ಕೇಳಿದಳು.

“ನಮ್ಮನಿದೇ,” ಎಂದೆ.

ಅವಳು ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬುಟ್ಟಿಯಿಂದ ದಪ್ಪನೆಯ ಬಂಗುಡೆಯೊಂದನ್ನು ಆರಿಸಿ ಹುಡುಗಿಯ ಕೈಗಿತ್ತಳು.

“ಹಾಂಗಾರೆ ಇದ್ ಮೇಡಂ ಮೊಮ್ಮಗಳ್!”