ಇಪ್ಪತ್ತೆರಡನೆಯ ಹೆಗಲು

2016ರ ಮೇ ತಿಂಗಳ ಮೊದಲ ಸೋಮವಾರ, ಮಧ್ಯಾಹ್ನ ಹನ್ನೆರಡು ಗಂಟೆ. ಸ್ಥಳ, ಸಿಯಾಟಲ್‌ನ ದಕ್ಷಿಣಕ್ಕೆ, ರೇನಿಯರ್ ಪರ್ವತದ ಕೆಳಗಿನ ಕಣಿವೆಯ ಒಂದು ಚಿಕ್ಕ ಊರಿನ ವೃದ್ಧಾಶ್ರಮ. ಇದ್ದವರು ಅಲ್ಲಿನ ನಿವಾಸಿಗಳು, ಮ್ಯಾನೇಜರ್, ವ್ಯಾನಿನ ಡ್ರೈವರ್, ಅಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದ ನನ್ನ ತಂಗಿಯ ಮಗಳು ಶಾಲಿನಿ, ಮತ್ತು ನಾನು. ಇಷ್ಟನ್ನು ಮೊದಲೇ ಬರೆದಿಡುತ್ತೇನೆ, ಏಕೆಂದರೆ ಮುಂದಿನದನ್ನು ಓದಿದವರು ಮುದುಕಿಗೆ ಸರಿಯಾಗಿ ನೆನಪಿಲ್ಲ ಎನ್ನಬಾರದು.

ಇಂಥ ಕಥೆಗಳನ್ನು ನಾನು ನಂಬಿದವಳಲ್ಲ. ಮೈಸೂರಿನ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ಮೂವತ್ತೊಂದು ವರ್ಷ ಸಿಸ್ಟರ್ ಆಗಿದ್ದೆ. ಕಾರಿಡಾರಿನಲ್ಲಿ ಯಾರೋ ಓಡಾಡುತ್ತಾರೆ ಎಂದು ಹೊಸ ಹುಡುಗಿಯರು ಹೆದರಿದಾಗ, ಹೋಗಿ ನಲ್ಲಿಗಳನ್ನು ನೋಡಿಕೊಂಡು ಬನ್ನಿ ಎಂದು ಕಳಿಸುತ್ತಿದ್ದೆ. ಪ್ರತಿ ಸಲವೂ ಯಾವುದೋ ಒಂದು ನಲ್ಲಿ ಸೋರುತ್ತಲೇ ಇರುತ್ತಿತ್ತು.

ಥಿಯೇಟರಿನಲ್ಲಿ ನನ್ನ ಮುಖ್ಯ ಕೆಲಸ ಎಣಿಸುವುದು. ಹೊಟ್ಟೆ ತೆರೆಯುವ ಮೊದಲು ರಕ್ತ ಒರೆಸುವ ಗಾಜ್ ಬಟ್ಟೆಯ ಎಷ್ಟು ತುಂಡು, ಎಷ್ಟು ಸೂಜಿ, ಎಷ್ಟು ಕತ್ತರಿ ಇದ್ದವೋ, ಮುಚ್ಚುವ ಮೊದಲೂ ಅಷ್ಟೇ ಇರಬೇಕು. ಒಂದು ತುಂಡು ಒಳಗೇ ಉಳಿದರೆ ರೋಗಿ ಸಾಯಬಹುದು. ಆದ್ದರಿಂದ ಇಬ್ಬರು ಬೇರೆ ಬೇರೆಯಾಗಿ ಎಣಿಸುತ್ತಿದ್ದೆವು. ಎರಡೂ ಎಣಿಕೆ ಕೂಡಿದ ಮೇಲೆ ನಾನು "ಸರಿ ಇದೆ ಡಾಕ್ಟ್ರೇ" ಎಂದರೆ ಮಾತ್ರ ಹೊಲಿಗೆ. ಮೂವತ್ತೊಂದು ವರ್ಷದಲ್ಲಿ ನನ್ನ ಎಣಿಕೆ ಒಮ್ಮೆಯೂ ತಪ್ಪಲಿಲ್ಲ.

ನಿವೃತ್ತಿಯಾದ ಮೇಲೆ ಸಿಯಾಟಲ್ ಪಕ್ಕದ ಕರ್ಕ್‌ಲ್ಯಾಂಡಿಗೆ, ತಂಗಿಯ ಮನೆಗೆ ಬಂದೆ. ಸುಮ್ಮನೆ ಕೂರುವುದು ನನ್ನಿಂದಾಗದು. ವಾರಕ್ಕೆ ಎರಡು ದಿನ ಶಾಲಿನಿಯ ಜೊತೆ ಕಾರಿನಲ್ಲಿ ಆ ವೃದ್ಧಾಶ್ರಮಕ್ಕೆ ಹೋಗಿ ಹಾಸಿಗೆ ಬಟ್ಟೆ, ಔಷಧಿ ಪೆಟ್ಟಿಗೆಗಳನ್ನು ಜೋಡಿಸಿಕೊಡುತ್ತಿದ್ದೆ. ಅಪಾಯ ಬಂದರೆ ಊರು ಬಿಟ್ಟು ಮೇಲೇರುವ ಅಲ್ಲಿನ ಡ್ರಿಲ್ ವಿಷಯ ಗೊತ್ತಾದದ್ದು ಹಾಗೆ.

ರೇನಿಯರ್ ದೂರದಿಂದ ನೋಡಲು ಸುಂದರವಾದ ಹಿಮದ ಬೆಟ್ಟ, ಒಳಗೆ ಜ್ವಾಲಾಮುಖಿ. ಅದು ಸಿಡಿದರೆ ಮೇಲಿನ ಹಿಮವೆಲ್ಲ ಕರಗಿ, ಬೂದಿ ಬಂಡೆಗಳನ್ನು ಸೇರಿಸಿಕೊಂಡು, ಹಸಿ ಸಿಮೆಂಟಿನಂತೆ ಕಣಿವೆಗೆ ನುಗ್ಗುತ್ತದೆ. ಆ ಊರು ನಿಂತಿರುವುದೇ ಹಳೆಯ ಕಾಲದ ಅಂಥ ಒಂದು ಕೆಸರಿನ ಮೇಲೆ. ಮನೆ ಕಟ್ಟಲು ಅಗೆದಾಗ ಹೂತುಹೋದ ಕಾಡಿನ ಮರದ ಬುಡಗಳು ಸಿಕ್ಕಿವೆಯಂತೆ. ನಿವಾಸಿಗಳಲ್ಲಿ ವಾಲ್ಟರ್ ಎಂಬ ಮುದುಕರಿದ್ದರು. ಅವರು ಮರ ಸಾಗಿಸುವ ಲಾರಿ ಓಡಿಸುತ್ತಿದ್ದ ಕಾಲದಲ್ಲಿ, 1980ರಲ್ಲಿ, ಅದೇ ರಾಜ್ಯದ ಸೇಂಟ್ ಹೆಲೆನ್ಸ್ ಪರ್ವತ ಸಿಡಿದಿತ್ತು. ಪೂರ್ವದ ಊರುಗಳಲ್ಲಿ ಹಾಡಹಗಲೇ ಕತ್ತಲಾಗಿ ಬೂದಿ ಸುರಿದದ್ದನ್ನೂ, ಕೆಸರಿನ ಮೇಲೆ ಒಂದು ಇಡೀ ಮನೆ ತೇಲಿಬಂದು ಸೇತುವೆಗೆ ಬಡಿದದ್ದನ್ನೂ ಅವರು ಊಟದ ಮೇಜಿನಲ್ಲಿ ದಿನವೂ ಹೇಳುತ್ತಿದ್ದರು. ದಿನವೂ ಆ ಮನೆ ಸ್ವಲ್ಪ ದೊಡ್ಡದಾಗುತ್ತಿತ್ತು.

ತಿಂಗಳ ಮೊದಲ ಸೋಮವಾರ ಮಧ್ಯಾಹ್ನ ಕಣಿವೆಯಲ್ಲಿ ಎಚ್ಚರಿಕೆಯ ಸೈರನ್ ಪರೀಕ್ಷೆ. ಆ ಸೈರನ್‌ಗೆ ಸರಿಯಾಗಿ ವೃದ್ಧಾಶ್ರಮದವರು ತಮ್ಮ ಡ್ರಿಲ್ ಇಟ್ಟುಕೊಂಡಿದ್ದರು. ನಿಜವಾಗಿ ಕೆಸರು ಹೊರಟರೆ ಊರು ತಲುಪಲು ಮುಕ್ಕಾಲು ಗಂಟೆ ಸಿಕ್ಕರೆ ಹೆಚ್ಚು. ಅಷ್ಟರಲ್ಲಿ ಎಲ್ಲರೂ ದಿಣ್ಣೆಯ ಮೇಲಿನ ಪಾರ್ಕಿಂಗ್ ಬಯಲನ್ನು ಸೇರಬೇಕು. ಅಲ್ಲಿ "ಎಲ್ಲರೂ ಬಂದಿದ್ದಾರೆ" ಎಂದು ಘೋಷಿಸಿದ ಮೇಲೆ ಯಾರೂ ಕೆಳಗೆ ಹುಡುಕಲು ಹೋಗುವಂತಿಲ್ಲ. ಹಾಗಾಗಿ ಆ ಮಾತು ಹೇಳುವವರ ಹೊಣೆ ದೊಡ್ಡದು.

ಮ್ಯಾನೇಜರ್ ಪಟ್ಟಿ ಹಿಡಿದು ಹೆಸರು ಕೂಗುತ್ತಿದ್ದರು. ಅರ್ಧ ಜನಕ್ಕೆ ಕಿವಿ ಕೇಳದು. ಕೇಳಿದವರು ಉತ್ತರ ಕೊಡುವ ಬದಲು ಮೊಣಕಾಲಿನ ಕಥೆ ಹೇಳುತ್ತಿದ್ದರು. ಇದು ಸಮಯ ಹಾಳು, ಥಿಯೇಟರಿನ ಪದ್ಧತಿಯಲ್ಲಿ ಇಬ್ಬರು ಎಣಿಸಿದರೆ ಎರಡು ನಿಮಿಷ ಸಾಕು ಎಂದು ಹೇಳಿ ಒಪ್ಪಿಸಿದವಳು ನಾನೇ. ನಿವಾಸಿಗಳಿಗೆಲ್ಲ ಹಳದಿ ಜಾಕೆಟ್, ಸಿಬ್ಬಂದಿಗೆ ಹಸಿರು. ನಾನು ಹಳದಿ ಹೆಗಲುಗಳನ್ನು ಒಂದೊಂದಾಗಿ ಮುಟ್ಟಿ ಕನ್ನಡದಲ್ಲಿ ಎಣಿಸುವುದು, ಶಾಲಿನಿ ಎದುರಿನಿಂದ ಬೆರಳು ತೋರಿಸಿ ಎಣಿಸುವುದು. ನಿವಾಸಿಗಳು ಇಪ್ಪತ್ತೆರಡು ಜನ.

ಆ ದಿನ ಬಿಸಿಲು ಚೆನ್ನಾಗಿತ್ತು, ನೆಲ ಒಣಗಿತ್ತು. ಹನ್ನೆರಡೂ ಮೂವತ್ತೈದಕ್ಕೆ ವ್ಯಾನಿನ ಕೊನೆಯ ಸುತ್ತೂ ಬಂತು. ಮೂರು ಸಾಲಿನಲ್ಲಿ ನಿಲ್ಲಿಸಿ ಹಿಂದಿನಿಂದ ಎಣಿಸುತ್ತಾ ಹೋದೆ. ವಾಲ್ಟರ್ ಹತ್ತಿರ ಬಂದಾಗ ಅವರು, "ಸಿಸ್ಟರ್, ನನ್ನನ್ನ ಎರಡು ಸಲ ಎಣಿಸಿ, ಇಬ್ಬರ ಊಟ ಮಾಡ್ತೀನಿ," ಎಂದರು. ಎಲ್ಲರೂ ನಕ್ಕರು. ನಾನು ಅವರ ಹೆಗಲು ಮುಟ್ಟಿ ಇಪ್ಪತ್ತೊಂದು ಎಂದೆ, ಪಕ್ಕದ ಹೆಗಲು ಮುಟ್ಟಿ ಇಪ್ಪತ್ತೆರಡು ಎಂದೆ.

ಆ ಹೆಗಲು ತಣ್ಣಗಿತ್ತು. ಒದ್ದೆಯಾಗಿ, ಭಾರವಾಗಿ, ಮರಳು ಮರಳಾಗಿತ್ತು. ಯಾರೋ ಜಾಕೆಟ್ ನೆಲಕ್ಕೆ ಬೀಳಿಸಿಕೊಂಡಿದ್ದಾರೆ ಎಂದುಕೊಂಡೆ. ಆ ವ್ಯಕ್ತಿ ಬೆಟ್ಟದ ಕಡೆ ಮುಖ ಮಾಡಿ ನಿಂತಿತ್ತು. ನಾನು ಮುಖ ನೋಡಲಿಲ್ಲ. ಎಣಿಸುವಾಗ ನಾನು ಮುಖ ನೋಡುವುದೇ ಇಲ್ಲ, ಗಾಜ್ ತುಂಡಿಗೆ ಮುಖವಿಲ್ಲವಲ್ಲ.

"ದೊಡ್ಡಮ್ಮ, ನಂದೂ ಟ್ವೆಂಟಿ ಟು," ಎಂದಳು ಶಾಲಿನಿ. ಎರಡೂ ಕೂಡಿತು. ಎಲ್ಲರೂ ಬಂದಿದ್ದಾರೆ ಎಂದು ನಾನು ಮ್ಯಾನೇಜರ್‌ಗೆ ಹೇಳಿದೆ. ಅವರು ಗಡಿಯಾರ ನಿಲ್ಲಿಸಿದರು.

ಡ್ರೈವರ್ ಒಬ್ಬನೇ ಖಾಲಿ ವ್ಯಾನಿನಲ್ಲಿ ಕಂಬಳಿ ತರಲು ಕೆಳಗೆ ಹೋದ. ಹತ್ತು ನಿಮಿಷಕ್ಕೆ ಅವನ ಫೋನ್ ಬಂತು. ಒಂಬತ್ತನೇ ರೂಮಿನ ಎಡ್ನಾ, ಎಂಬತ್ತಾರು ವರ್ಷದವರು, ಬಟ್ಟೆ ಒಗೆಯುವ ಕೋಣೆಯಲ್ಲಿ ಡ್ರೈಯರ್ ಪಕ್ಕ ಕುರ್ಚಿಯಲ್ಲಿ ನಿದ್ದೆ ಹೋಗಿದ್ದಾರೆ, ಕಿವಿಯ ಯಂತ್ರ ತೆಗೆದು ಜೇಬಿನಲ್ಲಿಟ್ಟುಕೊಂಡಿದ್ದಾರೆ. ಸೈರನ್ ಅವರಿಗೆ ಕೇಳಿಸಿಯೇ ಇಲ್ಲ.

ತಿರುಗಿ ಎಣಿಸಿದೆ. ಇಪ್ಪತ್ತೊಂದು. ಮತ್ತೆ ಎಣಿಸಿದೆ, ಶಾಲಿನಿಯೂ ಎಣಿಸಿದಳು. ಇಪ್ಪತ್ತೊಂದು. ಆ ಬಯಲಿನಿಂದ ಹೊರಹೋಗಲು ಇರುವುದು ಒಂದೇ ದಾರಿ, ವ್ಯಾನ್ ಬಿಟ್ಟರೆ ಅಲ್ಲಿ ಯಾರೂ ಇಳಿದಿರಲಿಲ್ಲ. ನಿಮ್ಮ ಆಚೆ ನಿಂತಿದ್ದವರು ಯಾರು ಎಂದು ವಾಲ್ಟರ್‌ರನ್ನು ಕೇಳಿದೆ. ಅವರು ತಮಾಷೆ ಬಿಟ್ಟು ಹೇಳಿದರು: "ಸಾಲಿನ ಕೊನೆಯವನು ನಾನೇ. ನನ್ನ ಆಚೆ ಯಾರೂ ಇರಲಿಲ್ಲ, ಸಿಸ್ಟರ್."

ನನ್ನ ಬಲ ಅಂಗೈಯಲ್ಲಿ ಬೂದು ಬಣ್ಣದ ಕೆಸರು ಅಂಟಿತ್ತು. ಬೇರೆ ಯಾರ ಜಾಕೆಟ್ಟಿನಲ್ಲೂ ಕೆಸರಿರಲಿಲ್ಲ, ಒಂದೊಂದನ್ನೂ ನೋಡಿದೆ. ಆಮೇಲೆ ಅಭ್ಯಾಸಬಲದಿಂದ ಸೋಪು ಹಾಕಿ ಕೈ ತೊಳೆದುಬಿಟ್ಟೆ. ತೊಳೆಯಬಾರದಿತ್ತು ಎಂದು ಈಗ ಅನಿಸುತ್ತದೆ.

ವಾಲ್ಟರ್‌ರನ್ನೇ ಎರಡು ಸಲ ಎಣಿಸಿದೆನೇ? ಇಲ್ಲ. ಅವರ ಹೆಗಲು ಬೆಚ್ಚಗಿತ್ತು, ಒಣಗಿತ್ತು. ನಾನು ತಪ್ಪಿದೆ ಎನ್ನುವುದಾದರೆ ಶಾಲಿನಿಯೂ ಅದೇ ಕ್ಷಣದಲ್ಲಿ ಅದೇ ತಪ್ಪು ಮಾಡಿರಬೇಕು. ಅವಳನ್ನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ಹಳದಿ ಕಂಡಿತು, ಎಣಿಸಿದೆ ಎನ್ನುತ್ತಾಳೆ, ಅಷ್ಟೇ. ಇಪ್ಪತ್ತೆರಡು ಹೆಗಲುಗಳನ್ನು ಮುಟ್ಟಿದೆ ಎನ್ನುವುದರಲ್ಲಿ ನನಗೆ ಅಂದೂ ಅನುಮಾನವಿರಲಿಲ್ಲ, ಇಂದೂ ಇಲ್ಲ. ಅದು ಯಾರ ಹೆಗಲು ಎನ್ನುವುದು ಮಾತ್ರ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯುತ್ತೇನೆ.

ಗೊತ್ತಿರುವುದು ಇಷ್ಟು. ನಿಜವಾದ ದಿನವಾಗಿದ್ದರೆ, ನನ್ನ ಮಾತು ನಂಬಿ, ಎಡ್ನಾರನ್ನು ಅಲ್ಲೇ ಬಿಟ್ಟು ಲೆಕ್ಕ ಮುಚ್ಚಿಬಿಡುತ್ತಿದ್ದರು.

ಕೆಳಗೆ ಬಂದ ಮೇಲೆ ಡ್ರಿಲ್ ವರದಿ ತುಂಬಬೇಕಿತ್ತು. ಮೇಲೆ ತಲುಪಿದವರ ಸಂಖ್ಯೆಗೆ ಒಂದೇ ಒಂದು ಖಾನೆ.

"ಟ್ವೆಂಟಿ ಒನ್ ಅಂತಷ್ಟೇ ಬರೆದ್ಬಿಡಿ ದೊಡ್ಡಮ್ಮ, ಮಿಕ್ಕದ್ದೆಲ್ಲ ಬೇಡ. ಡ್ರಿಲ್ ತಾನೇ, ಯಾರು ಕೇಳ್ತಾರೆ?"

"ಎಡ್ನಾ ಕೇಳ್ತಾರೆ ಕಣೇ," ಎಂದೆ.

ತಲುಪಿದವರು ಇಪ್ಪತ್ತೊಂದು, ಉಳಿದವರು ಒಬ್ಬರು ಎಂದು ಬರೆದೆ. ಕೆಳಗೆ, ಎಣಿಸಿದವರಿಬ್ಬರಿಗೂ ಇಪ್ಪತ್ತೆರಡು ಬಂದಿತ್ತು, ಕಾರಣ ತಿಳಿಯದು ಎಂದು ಸೇರಿಸಿದೆ. ಇನ್ನು ಮುಂದೆ ಎಣಿಕೆಯ ಜೊತೆ ಹೆಸರೂ ಕೂಗಬೇಕು, ಮುಖ ನೋಡಬೇಕು, ಹೆಸರು ಬೇಡ ಎಂದದ್ದು ನನ್ನ ತಪ್ಪು ಎಂದೂ ಬರೆದೆ. ಮ್ಯಾನೇಜರ್ ನಡುವಿನ ಸಾಲನ್ನು ಓದಿ ನನ್ನ ಮುಖ ನೋಡಿದರು. ಹೊಡೆದುಹಾಕಿ ಎನ್ನಲಿಲ್ಲ.

ಆದರೆ ವರದಿಯ ಜೊತೆಗಿನ ಪಟ್ಟಿಯಲ್ಲಿ ಎಡ್ನಾರ ಹೆಸರಿನ ಮುಂದೆ, ಮೇಲೆ ತಲುಪಿದ ಸಮಯದ ಖಾನೆ ಖಾಲಿ ಉಳಿದಿತ್ತು. ಅವರ ರೂಮಿಗೆ ಹೋಗಿ ಕ್ಷಮೆ ಕೇಳಿದೆ. ಅವರು ಕಿವಿಯ ಯಂತ್ರ ಹಾಕಿಕೊಂಡು ನಿಧಾನವಾಗಿ, "ನಾನಿಲ್ಲದೆ ನೀವೆಲ್ಲ ಚೆನ್ನಾಗೇ ಬದುಕಿಕೊಂಡಿರಿ ಅಂತಾಯ್ತು," ಎಂದರು. ಈಗಲೇ ದಿಣ್ಣೆಗೆ ಹೊರಡೋಣವೇ ಎಂದು ಕೇಳಿದೆ. ಬಟ್ಟೆ ಮಡಿಸುವುದು ಮುಗಿಯಲಿ ಎಂದರು. ಇಬ್ಬರೂ ಸೇರಿ ಮಡಿಸಿದೆವು.

ಮೂರು ಹತ್ತಕ್ಕೆ ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಹೊರಟೆ. ವ್ಯಾನ್ ಬೇಡವೆಂದೆ, ನಿಜವಾದ ದಿನ ವ್ಯಾನ್ ಸಿಗದೆ ಹೋಗಬಹುದು. ಶಾಲಿನಿ ತಳ್ಳಿದಳು, ಕಡಿದಾದ ಕಡೆ ನಾನೂ ಕೈ ಕೊಟ್ಟೆ. ದಾರಿಯುದ್ದಕ್ಕೂ ಎಡ್ನಾ ಗುಂಡಿಗಳನ್ನು ಬೈಯುತ್ತಾ ಬಂದರು. ಮೇಲೆ ನಿಂತು ಗಡಿಯಾರ ನೋಡಿದೆ: ಮೂವತ್ತೊಂಬತ್ತು ನಿಮಿಷ. ಸಾಕಾದಷ್ಟೇ, ಹೆಚ್ಚೇನಿಲ್ಲ. ಅವರ ಮುಖ ನೋಡಿ, ಹೆಸರು ಕೂಗಿದೆ. "ಇದ್ದೀನಿ," ಎಂದರು. ಹಾಳೆಯಲ್ಲಿ ಸಮಯ ಬರೆದು ಸಹಿ ಹಾಕಿದೆ.