ನೆಟ್‌ವರ್ಕ್ ತಿಂದ ಯಕ್ಷಗಾನ
ನಮ್ಮ ಕುಟುಂಬದ ಮೊದಲ ಡಿಗ್ರಿ ನನ್ನದು. ಅದನ್ನು ನಂಬಿ ಬೆಳ್ತಂಗಡಿಯ ಆಫೀಸೊಂದು ಕಂಪ್ಯೂಟರ್ ನೋಡಿಕೊಳ್ಳಲು ನನ್ನನ್ನು ತಾತ್ಕಾಲಿಕವಾಗಿ ಇಟ್ಟುಕೊಂಡಿತ್ತು. ಅಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೈಲ್ ಹೋಗಲು ಅರ್ಧ ಗಂಟೆ ಬೇಕಾಗುತ್ತಿತ್ತು.

"ಎಂಥ ಮಾರಾಯ, ನಿನ್ನ ಡಿಗ್ರಿ ಇಷ್ಟೆಯಾ? ಶನಿವಾರದೊಳಗೆ ಸರಿಯಾಗದಿದ್ರೆ ಸೋಮವಾರ ಬರುವುದು ಬೇಡ," ಎಂದರು ಮ್ಯಾನೇಜರ್.

ಕೇಬಲ್ ಬದಲಿಸಿದೆ, ವೈರಸ್ ಹುಡುಕಿದೆ. ಕೊನೆಗೆ ಸಿಕ್ಕಿದ್ದು ಯಕ್ಷಗಾನ. ಎಲ್ಲರ ಫೈಲ್ ಇರುವ ಕಂಪ್ಯೂಟರಿನಲ್ಲೇ ಯಕ್ಷಗಾನದ ಆಟಗಳ ವೀಡಿಯೊಗಳನ್ನಿಟ್ಟು, ಮ್ಯಾನೇಜರ್ ತಮ್ಮ ಕೋಣೆಯಲ್ಲಿ ಕೂತು ನೆಟ್‌ವರ್ಕ್ ಮೂಲಕ ದಿನವಿಡೀ ನೋಡುತ್ತಿದ್ದರು.

ಶುಕ್ರವಾರ ಅವರು ರಜೆ ಹಾಕಿದಾಗ ಎಲ್ಲ ಪ್ರಸಂಗಗಳ ವೀಡಿಯೊಗಳನ್ನೂ ಅವರದೇ ಕಂಪ್ಯೂಟರಿಗೆ ಸಾಗಿಸಿದೆ. ಶನಿವಾರ ಫೈಲ್‌ಗಳು ಓಡತೊಡಗಿದವು.

"ಎಂಥ ಆಗಿತ್ತು?"

"ಕೇಬಲ್, ಸರ್."

"ನೋಡಿ, ನಾನು ಬೈದದ್ದಕ್ಕೆ ಸರಿಯಾಯ್ತು," ಎಂದು ಅವರು ಎಲ್ಲರಿಗೂ ಹೇಳಿದರು.

ಸೋಮವಾರವೂ ನಾನು ಕೆಲಸಕ್ಕೆ ಹೋದೆ.