ಬಾಗಿಲಿಗೆ ಬೆನ್ನು ಕೊಟ್ಟ ದನಿ

ಮೂವತ್ತು ವರ್ಷದಿಂದ ನನಗೆ ಹತ್ತೇ ವರ್ಷ. ನಮ್ಮಲ್ಲಿ ಕಾರ್ಟೂನಿನ ಹುಡುಗರಿಗೆ ದನಿ ಕೊಡುವವರು ಹೆಂಗಸರು. ಮೊಣಕಾಲು ನೋಯುತ್ತದೆ, ಕನ್ನಡಕದ ನಂಬರು ಏರುತ್ತಲೇ ಇದೆ, ಆದರೂ ಮೈಕಿನ ಮುಂದೆ ನಿಂತರೆ ನಾನು ಹಲ್ಲು ಬಿದ್ದ ತುಂಟ ಹುಡುಗ. ತೋಜಣ್ಣನ ಕಥೆ ಇದಕ್ಕೆ ತದ್ವಿರುದ್ಧ. ಇಪ್ಪತ್ತೈದು ತುಂಬುವುದರೊಳಗೆ ಅವನು ಅಜ್ಜ, ಸೇನಾಪತಿ, ಕೊಲೆಗಾರ, ಕರಡಿ ಎಲ್ಲ ಆಗಿಹೋಗಿದ್ದ. ಮೈಕಿನ ಮುಂದೆ ನಾನು ಬೆಳೆಯಲಿಲ್ಲ, ಅವನು ಹರೆಯವನ್ನೇ ಕಾಣಲಿಲ್ಲ.

ಪೂರ್ತಿ ಹೆಸರು ಸುಗೆನುಮ ತೋಜಿ. ನನಗಿಂತ ಏಳೆಂಟು ವರ್ಷ ದೊಡ್ಡವನು. ಅಣ್ಣ ಅಂತ ಕರೆದು ಕರೆದು ಸಲಿಗೆ ಬೆಳೆದಿದೆ, ಅದಕ್ಕೇ ಏಕವಚನ. ಹುಟ್ಟಿದ್ದು ಉತ್ತರದ ಸಕಾತ ಬಂದರಿನಲ್ಲಿ, ಸೋಯಾ ಕಾಳು ಹುದುಗಿಸಿ ಮಿಸೊ ಮಾಡಿ ಮಾರುವವರ ಮನೆಯಲ್ಲಿ. ಹದಿಮೂರನೇ ವಯಸ್ಸಿಗೆ ದನಿ ಒಡೆಯಿತು. ಒಡೆದದ್ದಲ್ಲ, ಬಾವಿಗೆ ಬಿತ್ತು ಅಂತ ಅವನ ಅಮ್ಮ ಹೇಳುತ್ತಿದ್ದಳಂತೆ. ಅಂಗಡಿಯ ಫೋನು ಎತ್ತಿದರೆ ಗಿರಾಕಿಗಳು ಅಪ್ಪನೇ ಅಂದುಕೊಂಡು ಆರ್ಡರು ಹೇಳುತ್ತಿದ್ದರು: ಕೆಂಪು ಮಿಸೊ ಎರಡು ಕಿಲೊ, ಬಿಳಿದು ಒಂದು ಕಿಲೊ, ಉಪ್ಪು ಕಮ್ಮಿ ಇರಲಿ. ಇವನೂ ಗಂಭೀರವಾಗಿ "ಆಗಲಿ, ಆಗಲಿ" ಅನ್ನುತ್ತಿದ್ದ.

ಒಂದು ದಿನ ಶಾಲೆಯ ಮೇಷ್ಟ್ರದೇ ಫೋನು.

"ನಿಮ್ಮ ಮಗ ಕ್ಲಾಸಲ್ಲಿ ಗೊರಕೆ ಹೊಡೀತಾನೆ ಸ್ವಾಮಿ."

"ಕ್ಷಮಿಸಿ ಮೇಷ್ಟ್ರೇ," ಅಂದನಂತೆ ಇವನು. "ಅವರಮ್ಮ ಮುದ್ದು ಮಾಡಿ ಕೆಡಿಸಿಬಿಟ್ಟಿದ್ದಾಳೆ. ಇವತ್ತೇ ಬುದ್ಧಿ ಹೇಳ್ತೀನಿ."

ಹಿಂದೆ ತಿರುಗಿದರೆ ಅಪ್ಪ ನಿಂತಿದ್ದಾನೆ. ಬುದ್ಧಿ ಅವತ್ತೇ ಸಿಕ್ಕಿತು, ಎರಡು ಕೆನ್ನೆಗೂ.

ನಾಟಕದ ಹುಚ್ಚು ಹಿಡಿದು ಟೋಕಿಯೊಗೆ ಬಂದ. ಹಗಲು ತರಕಾರಿ ಮಂಡಿಯಲ್ಲಿ ಎಲೆಕೋಸು ಇಳಿಸುವುದು, ಸಂಜೆ ತಾಲೀಮು. ಆಳು ನುಗ್ಗೆಕೋಡಿನ ಹಾಗೆ ಉದ್ದಕ್ಕೆ ಸಣ್ಣಗಿದ್ದ. ಆ ಮೈಯೊಳಗಿಂದ ಆ ದನಿ ಬಂದರೆ ಪ್ರೇಕ್ಷಕರು ದುಃಖದ ಅಂಕದಲ್ಲೂ ನಗುತ್ತಿದ್ದರು. ಮುಖ ಕಾಣದ ಕೆಲಸವೇ ಇವನಿಗೆ ಸರಿ ಅಂತ ಯಾರೋ ಪುಣ್ಯಾತ್ಮರು ನಮ್ಮ ಸ್ಟುಡಿಯೊಗೆ ಕಳಿಸಿದರು.

ನಮ್ಮ ರೆಕಾರ್ಡಿಂಗ್ ಕೋಣೆಗೆ ಅದರದೇ ಮಡಿ ಇದೆ. ಎಷ್ಟು ಹೊತ್ತಿಗೆ ಬಂದರೂ "ಶುಭೋದಯ" ಅನ್ನಬೇಕು. ಸದ್ದು ಮಾಡುವ ಬಟ್ಟೆ ಹಾಕುವ ಹಾಗಿಲ್ಲ, ಹೊಟ್ಟೆ ಗುಡುಗುಡು ಅನ್ನುವ ಹಾಗಿಲ್ಲ, ಹಾಳೆ ತಿರುವಿದ್ದು ದೇವರಿಗೂ ಕೇಳಬಾರದು. ಹಿರಿಯರು ಒಳಗಿನ ಕುರ್ಚಿಯಲ್ಲಿ, ಹೊಸಬರು ಬಾಗಿಲ ಹತ್ತಿರ. ಇರುವ ನಾಲ್ಕೇ ಮೈಕಿಗೆ ಹತ್ತು ಹದಿನೈದು ಜನ ಒಬ್ಬರ ಬೆನ್ನ ಹಿಂದೆ ಒಬ್ಬರು ನುಸುಳಿ, ತಮ್ಮ ಮಾತು ಆಡಿ, ಜಾಗ ಬಿಡಬೇಕು. ಕೊನೆಯಲ್ಲಿ ಗುಂಪಿನ ದನಿ. ಚಿತ್ರದಲ್ಲಿ ಸಂತೆಯೋ ರೈಲು ನಿಲ್ದಾಣವೋ ಬಂದರೆ ಅಲ್ಲಿಯ ಗುಜುಗುಜು ಎಲ್ಲವೂ ನಮ್ಮದೇ. ಎಷ್ಟು ದೊಡ್ಡ ಹೆಸರಿನವರಾದರೂ ಎದ್ದು ಬಂದು ನಿಂತು ಬಾಯಿಗೆ ಬಂದದ್ದು ಗೊಣಗಬೇಕು. ನಿಯಮ ಒಂದೇ: ಯಾರ ದನಿಯೂ ಯಾರದೆಂದು ಗೊತ್ತಾಗಬಾರದು.

ತೋಜಣ್ಣನ ಮೊದಲ ಕೆಲಸವೇ ಈ ಗುಜುಗುಜು. ಅದರಲ್ಲೇ ಮುಗ್ಗರಿಸಿದ. ಏನು ಗೊಣಗಬೇಕೋ ತೋಚದೆ ಅಂಗಡಿಯ ಆರ್ಡರನ್ನೇ ಹೇಳತೊಡಗಿದ. ಗಾಜಿನ ಆಚೆ ಕೂತಿದ್ದವರು ಕಾಜಿಯ ಅನ್ನುವವರು, ನಮ್ಮ ಧ್ವನಿ ನಿರ್ದೇಶಕರು. ಆಗಿನ್ನೂ ಚಿಕ್ಕ ಪ್ರಾಯ, ಆದರೆ ಮೂಗಿನ ತುದಿಯ ಕೋಪ ಆಗಲೇ ಇತ್ತು. ಸ್ಪೀಕರಿನಲ್ಲಿ ಗುಡುಗಿದರು.

"ಯಾರದಯ್ಯ ಅದು ಕೆಳದನಿ? ಗುಂಪೆಲ್ಲ ಮುಳುಗಿಹೋಯ್ತು. ಎರಡು ಹೆಜ್ಜೆ ಹಿಂದೆ ಹೋಗು."

ಹೋದ. ಮತ್ತೆ ಶುರುವಾಯಿತು, ಮತ್ತೆ ನಿಂತಿತು.

"ಇನ್ನೂ ಹಿಂದೆ!"

"ಹಿಂದೆ ಬಾಗಿಲಿದೆ ಸಾರ್."

"ಹಾಗಾದ್ರೆ ಬಾಗಿಲಿಗೆ ಮುಖ ಮಾಡಿ ಮಾತಾಡು!"

ಅಷ್ಟೂ ಜನರ ಎದುರು ಬಾಗಿಲಿಗೆ ಮುಖ ಮಾಡಿ ನಿಂತು ಗೊಣಗಿದ. ಮನೆಗೆ ಹೋಗಿ ಅತ್ತನಂತೆ. ಊರಿಗೇ ವಾಪಸು ಹೋಗಿಬಿಡೋಣ ಅಂತ ಚೀಲವನ್ನೂ ಕಟ್ಟಿದ್ದ. ಅಷ್ಟರಲ್ಲಿ ಕಾಜಿಯ ಅವರದೇ ಕರೆ ಬಂತು, ಒಬ್ಬ ಮುದಿ ಕೊಲೆಗಾರ ಬೇಕಾಗಿದ್ದಾನೆ ಅಂತ. ಗುಂಪಿನಲ್ಲಿ ಅಡಗದ ದನಿ ಒಂಟಿಯಾಗಿ ನಿಲ್ಲುತ್ತದೆ ಅನ್ನುವುದು ಆ ಮನುಷ್ಯನಿಗೆ ಅವತ್ತೇ ಗೊತ್ತಾಗಿತ್ತು. ಹೇಳಲಿಲ್ಲ ಅಷ್ಟೆ. ಅವರು ಹೊಗಳುವ ಜಾತಿಯಲ್ಲ.

ಹೀಗೆ ಶುರುವಾದದ್ದು ನಿಲ್ಲಲಿಲ್ಲ. ನನ್ನ ಅಮ್ಮ ಟೀವಿಯಲ್ಲಿ ಅವನ ದನಿ ಕೇಳಿದರೆ ಕಿಟಕಿ ಹಾಕುತ್ತಿದ್ದಳು. ನಿಜದಲ್ಲಿ ಅವನು ಜಿರಳೆ ಕಂಡರೆ ಕುರ್ಚಿ ಹತ್ತುವ ಪ್ರಾಣಿ. ತಮಾಯೊ ಅನ್ನುವ ಗಟ್ಟಿಗಿತ್ತಿಯನ್ನು ಮದುವೆಯಾದ. ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತ "ನಾನು ಬಂದೆ" ಅಂದರೆ ಅಡುಗೆಮನೆಯ ಕಪಾಟಿನ ಬಟ್ಟಲುಗಳು ಸದ್ದು ಮಾಡುತ್ತವೆ ಅಂತ ಅವಳ ದೂರು.

ಆಮೇಲೆ ಸಿಕ್ಕಿತು ನಮ್ಮಿಬ್ಬರ ಅನ್ನದ ಬಟ್ಟಲು, ಒಂದು ಕಾರ್ಟೂನು ಧಾರಾವಾಹಿ. ಸೇತುವೆಯ ಕೆಳಗೊಂದು ಮೀಸೆಯ ಮುದಿಮೀನು, ಸೇತುವೆಯ ಮೇಲೊಬ್ಬ ಹುಡುಗ. ಮೀನು ನಕ್ಕರೆ ಊರೇ ಅಲುಗುತ್ತದೆ. ಹುಡುಗ ಅದನ್ನು "ದೊಡ್ಡಪ್ಪ" ಅನ್ನುತ್ತಾನೆ. ವಾರಕ್ಕೊಮ್ಮೆ, ವರ್ಷಾನುಗಟ್ಟಲೆ, ಒಂದೇ ಮೈಕಿನ ಎಡಕ್ಕೆ ಅವನು, ಬಲಕ್ಕೆ ನಾನು. ಅವನು ನಕ್ಕರೆ ನನ್ನ ಪಕ್ಕೆಲುಬು ಝುಮ್ಮೆನ್ನುತ್ತಿತ್ತು. ನಟಿಸುವ ಅಗತ್ಯವೇ ಇರಲಿಲ್ಲ, ಸುಮ್ಮನೆ ನಾನೂ ನಕ್ಕುಬಿಡುತ್ತಿದ್ದೆ.

ಹೋದ ವರ್ಷ ಆ ನಗುವಿನಲ್ಲಿ ಮರಳು ಸೇರಿತು. ಮೊದಲು ಕೆಮ್ಮು ಅಂದ, ಆಮೇಲೆ ಹವೆ ಅಂದ. ತಮಾಯೊ ಕಿವಿ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಗಂಟಲ ತಂತುವಿನ ಮೇಲೆ ಗಂಟು. ಕೆಟ್ಟ ಗಂಟಲ್ಲ, ಆದರೆ ತೆಗೆಯಲೇಬೇಕು. ತೆಗೆದ ಮೇಲೆ ದನಿ ಮೊದಲಿನಂತೆ ಬರುತ್ತದೆಯೇ ಅಂದರೆ ಡಾಕ್ಟರು ಮೇಲೆ ನೋಡಿದರು.

ತೆಗೆದರು. ವಾರಗಟ್ಟಲೆ ಬಾಯಿಗೆ ಬೀಗ. ಮಕ್ಕಳ ಸ್ಲೇಟೊಂದನ್ನು ಕೊರಳಿಗೆ ನೇತುಹಾಕಿಕೊಂಡು ಓಡಾಡಿದ. ಅಕ್ಷರವೋ, ಕೋಳಿ ಕೆದರಿದ ಹಾಗೆ. ಉಪ್ಪು ಕೇಳಿದರೆ ತಮಾಯೊ ಚಹಾ ತರುತ್ತಿದ್ದಳು. "ಮದ್ವೆಯಾದ್ಮೇಲೆ ಮೊದಲ್ನೇ ಸಲ ನೆಮ್ಮದಿಯಾಗಿ ಮಾತಾಡ್ತಿದೀನಿ" ಅಂತ ನನ್ನೆದುರು ಜಂಬ ಕೊಚ್ಚಿಕೊಂಡಳು. ಆಮೇಲೆ ನನ್ನನ್ನು ಬಸ್ಸಿಗೆ ಬಿಡಲು ಬಂದವಳು ದಾರಿಯಲ್ಲಿ ಅತ್ತಳು.

ಬೀಗ ತೆಗೆದ ದಿನ ದನಿ ಬಂತು. ನನ್ನ ಕಿವಿಗೆ ಅದೇ ದನಿ. ತಮಾಯೊಗೂ ಅದೇ. ಡಾಕ್ಟರು ಗುಣವಾಗಿದೆ ಅಂದರು. ನಂಬದವನು ಅವನೊಬ್ಬನೇ. ತೆಳ್ಳಗಾಗಿದೆ, ಯಾರದೋ ದನಿ ಸಾಲ ತಂದ ಹಾಗಿದೆ ಅಂತ ಒಂದೇ ಹಟ. ಹಳೆಯ ರೆಕಾರ್ಡು, ಹೊಸ ರೆಕಾರ್ಡು ಅಂತ ಪಕ್ಕಪಕ್ಕ ಇಟ್ಟು ಕೇಳಿ ಕೇಳಿ, ಕೊನೆಗೆ ಎರಡೂ ತನ್ನದಲ್ಲ ಅನ್ನಿಸತೊಡಗಿತು.

ನಾವು ಹೇಳಿದ್ದನ್ನು ಏಕೆ ನಂಬಲಿಲ್ಲ ಅಂದರೆ, ನಮ್ಮ ಕಸುಬಿನಲ್ಲಿ ಯಾರೂ ಹಿರಿಯರ ಮುಖಕ್ಕೆ ನಿಜ ಹೇಳುವುದಿಲ್ಲ. ಚೆನ್ನಾಗಿತ್ತು, ತುಂಬ ಶ್ರಮಪಟ್ಟಿರಿ, ನಿಮ್ಮಿಂದ ಕಲಿತೆವು ಅಂತ ಬಗ್ಗಿ ಬಗ್ಗಿ ಹೇಳಿ, ಮುಂದಿನ ತಿಂಗಳು ಸದ್ದಿಲ್ಲದೆ ಬೇರೆಯವರನ್ನು ಕರೆಯುತ್ತಾರೆ. ಆ ಮರ್ಯಾದೆಯಲ್ಲಿ ಮುಳುಗಿಹೋದ ಎಷ್ಟೋ ಜನರನ್ನು ಅವನೂ ಕಂಡಿದ್ದ, ನಾನೂ ಕಂಡಿದ್ದೆ. ಅದರ ಮೇಲೆ ಕಾಜಿಯ ಅವರು ಫೋನು ಮಾಡಿ, ಬಲು ಮೆತ್ತಗೆ, "ದನಿ ಚೆನ್ನಾಗಿದೆ ಸುಗೆನುಮ, ಅವಸರ ಬೇಡ" ಅಂದುಬಿಟ್ಟರು. ಅಲ್ಲಿಗೆ ತೋಜಣ್ಣನಿಗೆ ಜೀವವೇ ಹೋದಂತಾಯಿತು.

"ಮುಗೀತು ಸುಮಿಯೆ," ಅಂದ ನನಗೆ. "ಆ ಮನುಷ್ಯ ಹೊಗಳೋದು ಸಾಯೋರನ್ನ ಮಾತ್ರ."

"ಬಾಯಿಗೆ ಬಂದ ಹಾಗೆ ಮಾತಾಡ್ಬೇಡ."

"ಇಷ್ಟು ವರ್ಷದಲ್ಲಿ ನನಗೆ ಒಂದ್ಸಲ ಚೆನ್ನಾಗಿದೆ ಅಂದಿದಾರಾ? ನೀನೇ ಹೇಳು."

ಅಂದಿರಲಿಲ್ಲ. ತಮಾಯೊ ಆಚೆ ಕರೆದು ಪಿಸುಗುಟ್ಟಿದಳು. "ಎಲ್ರೂ ಹೊಗಳ್ತಿದಾರೆ ಸುಮಿಯೆ, ಅದೇ ಅವ್ರಿಗೆ ಭಯ. ರಾತ್ರಿಯೆಲ್ಲ ಸೂರು ನೋಡ್ಕೊಂಡು ಮಲಗ್ತಾರೆ."

ಅಷ್ಟು ದಿನ ಮುದಿಮೀನಿಗೆ ಬೇರೊಬ್ಬರನ್ನು ನಿಲ್ಲಿಸಿದ್ದರು. ನಲವತ್ತರ ಆಸುಪಾಸಿನ ಸಭ್ಯ ಮನುಷ್ಯ, ಬರುವಾಗಲೂ ಹೋಗುವಾಗಲೂ "ಜಾಗ ಕಾಯ್ತಿದೀನಿ ಅಷ್ಟೆ" ಅನ್ನುತ್ತಿದ್ದ. ದನಿ ದಪ್ಪವಾಗಿತ್ತು. ತೋಜಣ್ಣನದು ಆಳ. ದಪ್ಪಕ್ಕೂ ಆಳಕ್ಕೂ ಇರುವ ವ್ಯತ್ಯಾಸ ನನ್ನ ಪಕ್ಕೆಲುಬಿಗೆ ಗೊತ್ತು. ನಗುವ ದೃಶ್ಯ ಬಂದರೆ ನಾನು ನಟಿಸಬೇಕಾಗಿತ್ತು.

ವಸಂತಕ್ಕೆ ಮುಂಚೆ ತೋಜಣ್ಣ ನಿರ್ಧಾರ ಮಾಡಿದ. ಮೀನನ್ನು ಅವನಿಗೇ ಬಿಟ್ಟುಕೊಡುತ್ತೇನೆ, ಸಕಾತಕ್ಕೆ ಹೋಗಿ ತಮ್ಮನ ಮಿಸೊ ಅಂಗಡಿಯಲ್ಲಿ ಕೂರುತ್ತೇನೆ, ಬರುವ ವಾರ ಕಾಜಿಯ ಅವರಿಗೆ ಹೇಳಿಬಿಡುತ್ತೇನೆ ಅಂತ. ನನಗೆ ಸಿಟ್ಟು ಬಂತು. ಅಳುವೂ ಬಂತು. ಸಿಟ್ಟನ್ನೇ ಮುಂದೆ ಮಾಡಿದೆ.

"ಹೋಗು, ಬೇಡ ಅನ್ನೋದಿಲ್ಲ. ಹೋಗೋ ಮುಂಚೆ ಒಂದ್ಸಲ ಬಂದು ಗುಂಪಲ್ಲಾದ್ರೂ ನಿಲ್ಲು. ನಾಳೆ ರೈಲು ನಿಲ್ದಾಣದ ದೃಶ್ಯ ಇದೆ, ಜನ ಕಮ್ಮಿ ಇದಾರೆ."

"ಯಾರಾದ್ರೂ ನೋಡಿದ್ರೆ?"

"ಯಾರು ನೋಡ್ತಾರೆ ನಿನ್ನ, ಮದುಮಗನಾ? ಬಾಗಿಲ ಹತ್ರ ನಿಂತ್ಕೊ. ಗೊಣಗು. ಮನೆಗೆ ಹೋಗು."

ಒಪ್ಪಿದ. ಗುಂಪಿನಲ್ಲಿ ಯಾರೂ ತೂಕ ಮಾಡುವುದಿಲ್ಲ, ಹೊಗಳುವುದೂ ಇಲ್ಲ. ಆ ಕೋಣೆಯ ವಾಸನೆಯನ್ನು ಇನ್ನೊಮ್ಮೆ ನೋಡುವ ಆಸೆಯೂ ಇತ್ತು ಅಂತ ಆಮೇಲೆ ಹೇಳಿದ.

ನನಗೆ ಉಪಾಯ ಗಿಪಾಯ ಏನೂ ಇರಲಿಲ್ಲ. ಅವನನ್ನು ಆ ಕೋಣೆಯೊಳಗೆ ಒಮ್ಮೆ ನಿಲ್ಲಿಸಬೇಕು, ಅಷ್ಟೇ ಗೊತ್ತಿದ್ದದ್ದು.

ಮಾರನೆಯ ದಿನ ಎಲ್ಲರ ಮಾತೂ ಮುಗಿದು ಗುಂಪಿನ ಸರದಿ ಬಂದಾಗ ಅವನು ಮುಖಕ್ಕೆ ಮಾಸ್ಕು, ಕಿವಿಯವರೆಗೆ ಟೋಪಿ ಹಾಕಿಕೊಂಡು ಒಳಗೆ ನುಸುಳಿದ. ನೋಡಿದವರು ಕಣ್ಣಲ್ಲೇ ನಮಸ್ಕಾರ ಮಾಡಿ ಸುಮ್ಮನಾದರು. ಎತ್ತರದವರ ಹಿಂದೆ, ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಮಾಸ್ಕು ಕೆಳಗಿಳಿಸಿದ. ಗಾಜಿನ ಆಚೆ ಕಾಜಿಯ ಅವರು ಪರದೆಗೆ ಮೂಗು ತಾಗಿಸಿಕೊಂಡು ಕೂತಿದ್ದರು. ಈಗ ಅವರಿಗೆ ಕಣ್ಣು ಮಂದ, ಕಿವಿ ಮಾತ್ರ ನಾಯಿಯದು.

ಕೆಂಪು ದೀಪ ಹತ್ತಿತು. ಪರದೆಯ ಮೇಲೆ ರೈಲು ಕೆಟ್ಟು ನಿಂತಿದೆ, ಜನ ಬೇಸತ್ತಿದ್ದಾರೆ. ಎಲ್ಲರೂ ಗೊಣಗತೊಡಗಿದೆವು. ಒಬ್ಬಳು ಅತ್ತೆಯನ್ನು ಬೈಯುತ್ತಿದ್ದಾಳೆ, ಒಬ್ಬ ಆಫೀಸಿಗೆ ಫೋನು ಮಾಡುತ್ತಿದ್ದಾನೆ, ನಾನು ಹಸಿದ ಹುಡುಗ. ಹಿಂದಿನಿಂದ, ಕಾಲಡಿಯ ನೆಲದಿಂದಲೇ ಎದ್ದು ಬಂದ ಹಾಗೆ, "ಕೆಂಪು ಎರಡು ಕಿಲೊ, ಬಿಳಿದು ಒಂದು..." ಅಂತ ಶುರುವಾಯಿತು. ನನ್ನ ಪಕ್ಕೆಲುಬು ಝುಮ್ಮೆಂದಿತು.

ದೀಪ ಆರಿತು. ಸ್ಪೀಕರು ಸಿಡಿಯಿತು.

"ಯಾರದಯ್ಯ ಅದು ಹಿಂದುಗಡೆ ಕೆಳದನಿ? ಹೊಸಬನಾ? ಗುಂಪೆಲ್ಲ ಮುಳುಗಿಹೋಯ್ತಲ್ಲೋ! ಕಲಿಸಿ ಕಳಿಸೋಕೆ ಯಾರೂ ಇರ್ಲಿಲ್ವಾ ನಿನಗೆ? ಎರಡು ಹೆಜ್ಜೆ ಹಿಂದೆ ಹೋಗು!"

ನಾನು ಹಿಂದೆ ತಿರುಗಿದೆ. ತೋಜಣ್ಣ ಬಾಗಿಲಿಗೆ ಅಂಟಿಕೊಂಡು ನಿಂತಿದ್ದ. ಬಾಯಿ ತೆರೆದಿತ್ತು, ಕಣ್ಣು ತುಂಬಿತ್ತು.

"ಹಿಂದೆ ಬಾಗಿಲಿದೆ ಸಾರ್," ಅಂದ.

ಗಾಜಿನ ಆಚೆ ಕಾಜಿಯ ಅವರ ಕೈಯಿಂದ ಪೆನ್ಸಿಲು ಬಿತ್ತು. ಎದ್ದು ನಿಂತು ಗಾಜಿಗೆ ಮುಖ ಒತ್ತಿ ಹುಡುಕಿದರು. ಆಮೇಲೆ ಗುಂಡಿ ಒತ್ತಿ, ಗೊಗ್ಗರು ದನಿಯಲ್ಲಿ, "ಅಯೋಗ್ಯ," ಅಂದರು. "ಅಷ್ಟು ವರ್ಷದ ಹಿಂದೆನೇ ಹೇಳಿದ್ನಲ್ಲ, ಗುಂಪಿಗೆ ನೀನು ಬೇಡ ಅಂತ. ಆಚೆ ಹೋಗಿ ಕೂತ್ಕೊ. ಮುಂದಿನ ವಾರ ಬಂದು ನಿನ್ನ ಮೀನು ನೀನು ನೋಡ್ಕೊ."

ಜಾಗ ಕಾಯುತ್ತಿದ್ದ ಆ ಸಭ್ಯ ಮನುಷ್ಯ ಮೊದಲು ಚಪ್ಪಾಳೆ ತಟ್ಟಿದ. ನಾನು ಎಷ್ಟು ತಿಂಗಳಿಂದ ಹಿಡಿದಿಟ್ಟ ಉಸಿರೋ, ಒಮ್ಮೆಲೇ ಹೊರಗೆ ಬಂತು. ಹೊಟ್ಟೆಯೂ ಜೋರಾಗಿ ಗುಡುಗುಟ್ಟಿತು, ಅವತ್ತು ಯಾರೂ ಬೈಯಲಿಲ್ಲ. ತೋಜಣ್ಣ ನಗುತ್ತಿದ್ದ. ಮರಳಿಲ್ಲದ ನಗು.

ಹೊರಗೆ ಬಂದು ಮನೆಗೆ ಫೋನು ಹಚ್ಚಿದ. ನಾನು ಪಕ್ಕದಲ್ಲೇ ನಿಂತಿದ್ದೆ. ತಮಾಯೊ ಮಾತು ನನಗೂ ಕೇಳುತ್ತಿತ್ತು.

"ಏನ್ರೀ, ಏನಾಯ್ತು?"

"ಕಾಜಿಯ ಬೈದ್ರು ಕಣೇ."

"ಬೈದ್ರಾ? ನಿಜವಾಗ್ಲೂ? ನೀವು ಅಂತ ಗೊತ್ತಿಲ್ದೇನೇ?"

"ಗೊತ್ತಿಲ್ದೇನೇ. ಎಲ್ರ ಮುಂದೆ, ಹೊಸಬನಿಗೆ ಬೈದ ಹಾಗೆ."

ಆ ಕಡೆ ತಮಾಯೊ ಮೂಗು ಎಳೆದುಕೊಂಡು, "ಬೇಗ ಬನ್ನಿ," ಅಂದಳು. "ಬಟ್ಟಲೆಲ್ಲ ಕಪಾಟಲ್ಲಿ ಜೋಡಿಸಿಡ್ತೀನಿ, ಸದ್ದು ಮಾಡ್ಲಿ."